ಗಿಟಾರಿಗೂ ಪೈನ್ ಸೋಪು

ನಡುಬೇಸಿಗೆ ಹಬ್ಬ ಬಂತೆಂದರೆ ನಮ್ಮ ಫಿನ್ನರಿಗೆ ತೊಳೆಯುವ ಹುಚ್ಚು ಹಿಡಿಯುತ್ತದೆ. ಕಿಟಕಿ, ಜಮಖಾನ, ದೋಣಿ, ನಾಯಿ, ಯಾವುದನ್ನೂ ಬಿಡುವುದಿಲ್ಲ. ಎಲ್ಲಕ್ಕೂ ಅದೇ ಪೈನ್ ಸೋಪು. ಆದರೂ ಹೆಂಡತಿಯ ಎಲೆಕ್ಟ್ರಿಕ್ ಗಿಟಾರನ್ನು ತೊಳೆಯುವಷ್ಟು ತಲೆಕೆಟ್ಟವನು ಈ ದೇಶದಲ್ಲಿ ನನ್ನ ಗಂಡ ತೈಸ್ತೊ ಒಬ್ಬನೇ ಇರಬೇಕು.

ಹಬ್ಬದ ಮುನ್ನಾದಿನ ಬಾಗಿಲಿಗೆ ಕಟ್ಟಲು ಬರ್ಚ್ ಕೊಂಬೆ ಕಡಿದುಕೊಂಡು ಬಂದು ನೋಡಿದರೆ, ಗಿಟಾರು ಕೆರೆಯ ದೋಣಿಕಟ್ಟೆಯ ಮೇಲೆ ಒದ್ದೆ ಜಮಖಾನಗಳ ಪಕ್ಕ ಬಿಸಿಲು ಕಾಯಿಸುತ್ತಿದೆ.

"ಏನ್ ಮಾಡ್ಬಿಟ್ಟೆ ಇದಕ್ಕೆ?"

"ಎಷ್ಟು ಗಂಟೆನಾ? ಹನ್ನೊಂದು."

ಮರದ ಮಿಲ್ಲಿನಲ್ಲಿ ಮೂವತ್ತು ವರ್ಷ ಗರಗಸದ ಪಕ್ಕ ನಿಂತು ಅವನ ಕಿವಿ ಹೋಗಿದೆ. ಕಿವಿಯ ಯಂತ್ರ ಸದಾ ಅಂಗಿಯ ಜೇಬಿನಲ್ಲಿರುತ್ತದೆ. ನಾನು ಇನ್ನೊಮ್ಮೆ ಕಿರುಚಿದೆ.

"ಸ್ನಾನ ಮಾಡ್ಸಿದೆ, ಮುದುಕಿ! ಹದಿನೈದು ವರ್ಷದ ಬೆವರು ಅದ್ರಲ್ಲಿ. ವೈರ್ ಸಿಕ್ಸಿ ನುಡಿಸಿಯೂ ನೋಡ್ದೆ. ಒಂಚೂರೂ ತೊಂದ್ರೆ ಇಲ್ಲ."

ಒಳಗೆ ತಂದು ನಾನೂ ವೈರ್ ಸಿಕ್ಕಿಸಿದೆ. ವಾಲ್ಯೂಮಿನ ಗುಂಡಿ ತಿರುಗಿಸಿದ್ದೇ ತಡ, ಕಾದ ಬಾಣಲೆಗೆ ಒದ್ದೆ ಮೀನು ಬಿದ್ದ ಸದ್ದು. ತೈಸ್ತೊ ಪಕ್ಕದಲ್ಲೇ ನಿಂತು ಬಲು ತೃಪ್ತಿಯಿಂದ ತಲೆದೂಗುತ್ತಿದ್ದ.

ಸಂಜೆ ಏಳಕ್ಕೆ ಕೆರೆಯಾಚೆಯ ನೃತ್ಯಮಂಟಪದಲ್ಲಿ ನಮ್ಮ ತಂಡ ನುಡಿಸಬೇಕು. ನನಗಿರುವುದು ಇದೊಂದೇ ಗಿಟಾರು. ಹಬ್ಬದ ಮುನ್ನಾದಿನ ಮಧ್ಯಾಹ್ನಕ್ಕೆಲ್ಲ ಅಂಗಡಿಗಳು ಮುಚ್ಚಿಬಿಡುತ್ತವೆ. ಬಾಯಿಗೆ ಬಂದಂತೆ ಬೈದೆ. ಅವನಿಗೆ ಕೇಳಿಸಿದ್ದು ಅರ್ಧವೇ ಎಂಬುದಕ್ಕೆ ನನಗೆ ಇನ್ನಷ್ಟು ಉರಿಯಿತು.

ಅಡುಗೆಮನೆಯ ಮೇಜಿನ ಮೇಲೆ ಟವೆಲ್ ಹಾಸಿ ಕೂತೆ. ತಂತಿಗಳನ್ನು ಬಿಚ್ಚಿ, ಹಿಂಬದಿಯ ಮುಚ್ಚಳದ ಸ್ಕ್ರೂಗಳನ್ನು ಒಂದೊಂದಾಗಿ ಕಳಚಿದೆ. ಒಳಗೆ ವೈರುಗಳ ನಡುವೆ ನೀರಿನ ಹನಿ, ಜೊತೆಗೆ ಪೈನ್ ವಾಸನೆ. ಹತ್ತಿಯಿಂದ ಒರೆಸಿ, ಕೂದಲು ಒಣಗಿಸುವ ಯಂತ್ರದಿಂದ ತಣ್ಣನೆ ಗಾಳಿ ಹಿಡಿದೆ. ಬೆರಳೂರುವ ಮರದ ಪಟ್ಟಿ ಸೋಪಿಗೆ ಬೆಳ್ಳಗೆ ಬಿಳಿಚಿಕೊಂಡಿತ್ತು. ಅದಕ್ಕೆ ನಿಂಬೆ ಎಣ್ಣೆ ತಿಕ್ಕಿ, ಹೆಚ್ಚಾದದ್ದನ್ನು ಹಳೆಯ ಬನಿಯನ್ನಿನಿಂದ ತೆಗೆದೆ. ತೈಸ್ತೊ ಎದುರಿಗೆ ಸ್ಕ್ರೂಗಳನ್ನು ಕಾಫಿ ಬಟ್ಟಲಿನಲ್ಲಿ ಹಾಕಿಕೊಂಡು ಕಾವಲು ಕೂತಿದ್ದ.

"ಯಂತ್ರ ಹಾಕ್ಕೊಂಡ್ರೆ ಸಂಗೀತಾನೂ ಗರಗಸದ ಥರಾನೇ ಕೇಳುತ್ತೆ, ಹಿಲ್ಕಾ," ಎಂದ ಬಟ್ಟಲಿನೊಳಗೆ ನೋಡುತ್ತ. "ತೆಗೆದ್ರೆ ಏನೂ ಕೇಳ್ಸಲ್ಲ. ನೀನು ನುಡ್ಸೋದು ಕಣ್ಣಿಗಾದ್ರೂ ಚೆನ್ನಾಗ್ ಕಾಣ್ಲಿ ಅಂತ ತೊಳೆದೆ."

ಯಂತ್ರ ಹಾಕಿಕೊಳ್ಳದಿರುವುದು ಅವನ ಹಟ ಎಂದೇ ಇಷ್ಟು ದಿನ ತಿಳಿದಿದ್ದೆ. ನನಗೆ ನಾಚಿಕೆಯಾಯಿತು. ಗುಂಡಿಯನ್ನು ಈ ಕೊನೆಯಿಂದ ಆ ಕೊನೆಗೆ ಐವತ್ತು ಸಲ ತಿರುಗಿಸಿ, ಹೊಸ ತಂತಿ ಏರಿಸಿದೆ. ಐದು ಗಂಟೆಗೆ ಸಿಕ್ಕಿಸಿ ನೋಡಿದರೆ ಕರಕರ ಎಂಬುದು ಹೆಸರಿಗೂ ಇರಲಿಲ್ಲ.

ಸಂಜೆ ತೈಸ್ತೊ ಬಿಳಿ ಅಂಗಿ ಹಾಕಿಕೊಂಡು ಮಂಟಪದ ಗೋಡೆಬದಿಯ ಬೆಂಚಿನಲ್ಲಿ ಕೂತ. ಎಂಟೂವರೆಗೆ 'ಹೆಂಗಸರ ಸರದಿ' ಎಂಬ ಫಲಕದ ದೀಪ ಹತ್ತಿತು. ಆ ಒಂದು ಗಂಟೆ ನಮ್ಮಲ್ಲಿ ಹೆಂಗಸರೇ ಗಂಡಸರನ್ನು ಕುಣಿತಕ್ಕೆ ಕರೆಯಬೇಕು. ಇಪ್ಪತ್ತೆರಡು ವರ್ಷದಿಂದ ಆ ಗಂಟೆಯಲ್ಲಿ ನಾನಿರುವುದು ವೇದಿಕೆಯ ಮೇಲೆ. ಮೊದಲೆಲ್ಲ ಊರ ಹೆಂಗಸರು ಅವನನ್ನು ಎಳೆದೊಯ್ಯುತ್ತಿದ್ದರು. ಈಗ ತಾಳ ಕೇಳಿಸದೆ ಕಾಲು ತುಳಿಯುತ್ತಾನೆಂದು ಯಾರೂ ಹತ್ತಿರ ಸುಳಿಯುವುದಿಲ್ಲ. ಅವನು ಹೊಳೆಯುವ ಗಿಟಾರನ್ನೇ ನೋಡುತ್ತ ಕೂತಿದ್ದ.

ನಾನು ಅಕಾರ್ಡಿಯನ್ ನುಡಿಸುವ ಕೌಕೊ ಕಡೆ ಬಾಗಿದೆ. "ಗುಂಡಿ ಕರಕರ ಅಂತಿದೆ ಕಣೋ. ಎರಡು ಟ್ಯಾಂಗೊ ನೀನೇ ಸಂಭಾಳಿಸು."

"ನಂಗೇನೂ ಕೇಳಿಸ್ಲಿಲ್ವಲ್ಲ?"

"ನಿಂದೂ ಕಿವಿ ಹೋಯ್ತಾ?"

ಗಿಟಾರನ್ನು ಸ್ಟ್ಯಾಂಡಿಗೆ ಒರಗಿಸಿ ಕೆಳಗಿಳಿದು, ತೈಸ್ತೊ ಮುಂದೆ ನಿಂತು ಕೈ ಚಾಚಿದೆ. ಅವನ ಮುಖ ಬಿಳಿಚಿತು.

"ಕೆಟ್ಟೋಯ್ತಾ?"

"ಪೂರ್ತಿ!" ಎಂದು ಅವನ ಕಿವಿಯಲ್ಲಿ ಕೂಗಿದೆ.

ಅವನ ಹೆಗಲ ಮೇಲೆ ಬೆರಳುಗಳಿಂದ ತಾಳ ಹಾಕತೊಡಗಿದೆ. ಎರಡು ಸಲ ಕಾಲು ತುಳಿದ, ಮೂರನೆಯ ಸಲ ತಾಳ ಹಿಡಿದ. ಮಂಟಪದ ಅರ್ಧ ಸುತ್ತು ಬಂದೆವು. ಅವನು ನನ್ನ ಮುಖ ನೋಡಿದ, ಹಿಂತಿರುಗಿ ವೇದಿಕೆಯ ಮೇಲಿನ ಗಿಟಾರು ನೋಡಿದ, ಮತ್ತೆ ನನ್ನ ಮುಖ ನೋಡಿದ.

"ಮುಂದಿನ ವರ್ಷ ಸೋಪು ಇನ್ನೊಂಚೂರು ಜಾಸ್ತಿ ಹಾಕ್ತೀನಿ," ಎಂದ.