ಇಡೀ ಫೋನು

ಗೋದಾಮಿನಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವಳು ಬೀಗದಕ್ಕ. ಔಷಧಿಯ ಗೋದಾಮು ಅದು. ಡಬ್ಬ ಜೋಡಿಸುವವರು, ಏರಿಸುವವರು, ವ್ಯಾನಿನಲ್ಲಿ ಒಯ್ಯುವವರು ಸೇರಿ ನೂರಾ ನಲವತ್ತು ಜನ. ಅಷ್ಟೂ ಜನ ಕಂಪನಿಯ ಕೆಲಸವನ್ನು ತಮ್ಮ ತಮ್ಮ ಸ್ವಂತ ಫೋನಿನಲ್ಲೇ ಮಾಡಬೇಕು. ಆ ಫೋನುಗಳಿಗೆಲ್ಲ ಕಂಪನಿಯ ಆ್ಯಪ್ ಹಾಕಿಕೊಡುವುದು, ಪಾಸ್‌ವರ್ಡ್ ಮರೆತು ತಲೆ ಕೆರೆದುಕೊಳ್ಳುವವರಿಗೆ ಬಿಡಿಸಿಕೊಡುವುದು, ಫೋನು ಕಳೆದರೆ ಕೂತಲ್ಲಿಂದಲೇ ಬೀಗ ಜಡಿಯುವುದು, ಕೆಲಸ ಬಿಟ್ಟವರ ಫೋನಿನಿಂದ ಕಂಪನಿಯದನ್ನು ಅಳಿಸುವುದು, ಇದೆಲ್ಲ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಅವಳೊಬ್ಬಳದೇ ಕಾರುಬಾರು.

ಅಳಿಸಲು ಅವಳ ಕಂಪ್ಯೂಟರಿನಲ್ಲಿ ಎರಡು ಗುಂಡಿಗಳಿದ್ದವು. ಒಂದು 'ಕಂಪನಿಯ ಭಾಗ ಮಾತ್ರ'. ಇನ್ನೊಂದು 'ಇಡೀ ಫೋನು'. ಮೊದಲನೆಯದನ್ನು ಒತ್ತಿದರೆ ಕಂಪನಿಯದು ಹೋಗುತ್ತದೆ, ಮನೆಯದು ಉಳಿಯುತ್ತದೆ. ಎರಡನೆಯದನ್ನು ಒತ್ತಿದರೆ ಮುಗಿಯಿತು, ಅಂಗಡಿಯಿಂದ ಈಗಷ್ಟೇ ತಂದ ಫೋನಿನ ಹಾಗೆ ಬೋಳು. ಏಳು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವಳು ಎರಡನೆಯದನ್ನು ಒತ್ತಿದ್ದಳು. ಆ ಫೋನು ಅವಳ ಒಡಹುಟ್ಟಿದ ತಮ್ಮನದು.

ತಮ್ಮ ಅದೇ ಗೋದಾಮಿನಲ್ಲಿ ಡಬ್ಬ ಏರಿಸುತ್ತಿದ್ದ. ಚಾವಣಿ ಸೋರಿ ಔಷಧಿಯೆಲ್ಲ ನೆನೆಯುತ್ತಿದ್ದುದನ್ನು ಫೋಟೋ ತೆಗೆದು ಸೀದಾ ಮಾಲೀಕರಿಗೇ ಕಳಿಸಿಬಿಟ್ಟ. ಮ್ಯಾನೇಜರನಿಗೆ ಮೈಯೆಲ್ಲ ಉರಿಯಿತು. ಬೆನ್ನ ಹಿಂದೆ ಎಲ್ಲರೂ 'ದೊರೆ' ಎನ್ನುತ್ತಿದ್ದ ಆ ಮಹಾನುಭಾವ ಚಾವಣಿ ಸರಿಮಾಡಿಸುವುದನ್ನು ಬಿಟ್ಟು, ಗೋದಾಮಿನ ಗುಟ್ಟು ಹೊರಗೆ ಹಾಕಿದ ಎಂದು ತಮ್ಮನನ್ನೇ ಕಿತ್ತುಹಾಕಿದ. ಅಷ್ಟಕ್ಕೇ ಸುಮ್ಮನಾದನೇ? ಇಲ್ಲ. ಬೀಗದಕ್ಕನ ಕುರ್ಚಿಯ ಹಿಂದೆ ಬಂದು ನಿಂತ.

"ಇಡೀ ಫೋನು ಅಳಿಸು," ಅಂದ.

"ಸರ್, ಕಂಪನಿದು ಮಾತ್ರ ತೆಗೆದ್ರೆ ಸಾಕಲ್ವಾ?"

"ನಾನು ಏನಂತ ಹೇಳ್ದೆ?"

ಒತ್ತಿದಳು.

ಆ ಫೋನಿನಲ್ಲಿ ಅವರ ಅಮ್ಮ ಇದ್ದಳು. ಅಮ್ಮ ತೀರಿಕೊಂಡು ಆಗ ಎರಡು ತಿಂಗಳು. ಓದುಬರಹ ಬಾರದ ಹೆಂಗಸು, ಮಗನಿಗೆ ದಿನಾ ಫೋನಿನಲ್ಲಿ ಮಾತಾಡಿ ಮಾತಾಡಿ ಕಳಿಸುತ್ತಿದ್ದಳು. ಬೈಗುಳ, ನಗು, ಪಕ್ಕದ ಮನೆಯವರ ಚಾಡಿ, ಕೊನೆಕೊನೆಗೆ ಬರೀ ಕೆಮ್ಮು. ಅವಳ ಫೋನು ಆಸ್ಪತ್ರೆಯಲ್ಲೇ ಕಳುವಾಗಿತ್ತು. ತಮ್ಮನ ಫೋನಿನಲ್ಲಿದ್ದುದಕ್ಕೆ ಬೇರೆಲ್ಲೂ ನಕಲಿರಲಿಲ್ಲ. ಕಂಪನಿಯ ಆ್ಯಪ್ ಇರುವ ಯಾವ ಫೋನಿನಿಂದಲೂ ಏನನ್ನೂ ಹೊರಗೆ ನಕಲು ಮಾಡಿಡಕೂಡದು ಎಂದು ದೊರೆಯೇ ನಿಯಮ ಮಾಡಿದ್ದ. ಅದರಲ್ಲಿ ಅಮ್ಮನ ದನಿ ಇರುವುದು ಬೀಗದಕ್ಕನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಆ ಪಾಪಿ ಬೆನ್ನಿಗೆ ಅಂಟಿಕೊಂಡಂತೆ ನಿಂತಿರುವಾಗ ತಾನಾದರೂ ಏನು ಮಾಡಲಿಕ್ಕಾಗುತ್ತಿತ್ತು, ತನ್ನ ಕೈಯಲ್ಲಿ ಏನಿತ್ತು? ಹಾಗಂತ ದಿನಕ್ಕೆ ಹತ್ತು ಸಲ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ತಮ್ಮ ಅಂದಿನಿಂದ ಅವಳೊಡನೆ ಮಾತು ಬಿಟ್ಟ. ಇರುವುದು ಒಂದೇ ಮನೆ, ಎರಡೇ ಜೀವ. ಈಗ ಟೈರಿನಂಗಡಿಯಲ್ಲಿ ಕೆಲಸಕ್ಕಿದ್ದ. ಸಂಜೆ ಬರುತ್ತಿದ್ದ, ಬಡಿಸಿದ್ದನ್ನು ತಿನ್ನುತ್ತಿದ್ದ, ತನ್ನ ತಟ್ಟೆ ತಾನೇ ತೊಳೆದಿಟ್ಟು ಮಲಗುತ್ತಿದ್ದ. ಬೈದಿದ್ದರೆ ಅವಳು ಸಹಿಸುತ್ತಿದ್ದಳು, ಹೊಡೆದಿದ್ದರೂ ಸಹಿಸುತ್ತಿದ್ದಳು. ಆ ಮೌನ ಮಾತ್ರ ಅವಳನ್ನು ದಿನದಿನವೂ ಅರೆದು ಹಾಕಿತು. ಅರೆದಷ್ಟೂ ಅವಳ ಸಿಟ್ಟೆಲ್ಲ ಹೋಗಿ ದೊರೆಯ ತಲೆಯ ಮೇಲೆ ಕೂರುತ್ತಿತ್ತು. ಅವನಿಗೊಂದು ಕಾಲ ಬರುತ್ತದೆ, ಬಂದ ದಿನ ನಾನು ಬಿಡುವವಳಲ್ಲ, ಅವನು ಗೋಳೋ ಎಂದು ಅತ್ತ ದಿನ ನನ್ನ ತಮ್ಮ ಬಾಯಿ ಬಿಡುತ್ತಾನೆ. ಬೇರೆ ಆಸೆ ಅವಳಿಗೆ ಇರಲಿಲ್ಲ. ಬೆಳಿಗ್ಗೆ ಬಂದವಳು ಮೊದಲು ನೋಡುತ್ತಿದ್ದುದೇ ಕಂಪ್ಯೂಟರಿನ ಫೋನುಗಳ ಪಟ್ಟಿಯಲ್ಲಿ ದೊರೆಯ ಫೋನನ್ನು. ನೋಡಿ, ಹಲ್ಲು ಕಚ್ಚಿ, ಆಮೇಲೆ ಉಳಿದ ಕೆಲಸ.

ಕಾಲ ಬಂತು. ಒಂದು ಗುರುವಾರ ಹನ್ನೊಂದು ಗಂಟೆಗೆ ದೊರೆ ಕಾಲು ಸುಟ್ಟ ಬೆಕ್ಕಿನ ಹಾಗೆ ಅವಳ ಕೋಣೆಗೆ ನುಗ್ಗಿದ.

"ನನ್ನ ಫೋನ್ ಕಾಣಿಸ್ತಿಲ್ಲ. ರಿಂಗ್ ಮಾಡಿದ್ರೆ ಆಫ್ ಅಂತಿದೆ. ಎಲ್ಲಿದೆ ನೋಡು ಬೇಗ."

"ಆಫ್ ಆಗಿದ್ರೆ ನಂಗೂ ಕಾಣ್ಸಲ್ಲ ಸರ್. ದೂರು ಬರೆದುಕೊಡಿ." ಹಾಳೆ ಮುಂದಿಟ್ಟಳು. ಅವನು ಗೀಚಿ ಸಹಿ ಹಾಕಿದ. ಅವಳು ಗೋಡೆಯ ಗಡಿಯಾರ ನೋಡಿ ಸಮಯ ಬರೆದುಕೊಂಡಳು. "ಹನ್ನೊಂದೂ ಹತ್ತು. ಕಳೆದ ಫೋನಿಗೆ ನಿಯಮದಲ್ಲಿ ಒಂದೇ ಗಂಟೆ ಗಡುವು. ಹನ್ನೆರಡೂ ಹತ್ತರೊಳಗೆ ಸಿಗದಿದ್ರೆ ಇಡೀ ಫೋನ್ ಅಳಿಸ್ತೀನಿ."

"ಏ, ಅದೆಲ್ಲ ಕೆಲಸದವರಿಗೆ ಕಣಮ್ಮ!"

"'ಯಾರದ್ದೇ ಆಗಲಿ' ಅಂತ ಬರ್ಸಿದ್ದು ನೀವೇ ಸರ್. ಕೆಳಗೆ ನಿಮ್ಮದೇ ಸಹಿ ಇದೆ, ನೋಡಿ." ಗೋಡೆಗೆ ಅಂಟಿಸಿದ್ದ ನಿಯಮದ ಹಾಳೆಯತ್ತ ಬೆರಳು ತೋರಿದಳು.

ದೊರೆ ನೋಡಿದ. ಎದುರಿನ ಸ್ಟೂಲಿನ ಮೇಲೆ ಕುಸಿದು ಕೂತ. ಅವನ ದನಿ ಅಷ್ಟು ಮೆತ್ತಗಾದದ್ದನ್ನು ಆ ಗೋದಾಮಿನಲ್ಲಿ ಯಾರೂ ಕೇಳಿರಲಿಲ್ಲ.

"ನನ್ನ ಮಗಳು ಅವರಮ್ಮನ ಜೊತೆ ಇದಾಳಮ್ಮ. ನನ್ನ ಹತ್ರ ಬಿಡಲ್ಲ. ತಿಂಗಳಿಗೊಂದೋ ಎರಡೋ ವಿಡಿಯೋ ಮಗೂನೇ ಕದ್ದು ಕಳಿಸೋದು. ಎರಡು ವರ್ಷದ್ದು ಅಷ್ಟೂ ಅದ್ರಲ್ಲಿದೆ. ಕೈ ಮುಗೀತೀನಿ, ಒತ್ತಬೇಡ. ನಾನು ಹೇಳ್ತಿದೀನಲ್ಲ, ಬೇಡ."

"ನಕಲು ಇಟ್ಕೊಂಡಿಲ್ವಾ ಸರ್?" ಬೇಕೆಂದೇ ಕೇಳಿದಳು.

"ಇಟ್ಕೊಳ್ಳೋ ಹಾಗೇ ಇಲ್ವಲ್ಲ!"

"ಹೌದಲ್ಲ," ಅಂದಳು ಬೀಗದಕ್ಕ. ಅಬ್ಬಾ, ಆ ಒಂದು ಮಾತು ಆಡುವಾಗ ಅವಳ ನಾಲಿಗೆಗೆ ಸಿಕ್ಕ ರುಚಿ! ಮಾಡಿದ್ದುಣ್ಣೋ ಮಹರಾಯ ಎಂದು ದೊಡ್ಡವರು ಸುಮ್ಮನೆ ಹೇಳಿದ್ದಲ್ಲ.

ದೊರೆ ಹುಡುಕಲು ಓಡಿದ. ಹನ್ನೆರಡೂ ಹತ್ತಕ್ಕೆ, ಒಂದು ನಿಮಿಷ ಹಿಂದಿಲ್ಲ ಮುಂದಿಲ್ಲ, ಅವಳು ಎರಡನೆಯ ಗುಂಡಿಯನ್ನು ಒತ್ತಿದಳು. ಆಫ್ ಆದ ಫೋನಿಗೆ ಆಜ್ಞೆ ತಕ್ಷಣ ತಲುಪುವುದಿಲ್ಲ. ದೊರೆಯ ಹೆಸರಿನ ಮುಂದೆ 'ಕಾಯುತ್ತಿದೆ' ಎಂದು ಬಂತು. ಫೋನು ಆನ್ ಆದ ಗಳಿಗೆಗೆ ಅಳಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಪಕ್ಕದಲ್ಲೇ 'ರದ್ದುಮಾಡಿ' ಎಂಬ ಇನ್ನೊಂದು ಗುಂಡಿ ಇರುತ್ತದೆ, ಒತ್ತಿದರೆ ಏನೂ ಆಗಿಲ್ಲ.

ಅರ್ಧ ಗಂಟೆ ಕಳೆದಿರಲಿಲ್ಲ, ದೊರೆ ಬಾಯ್ತುಂಬ ನಗುತ್ತ ಬಂದ. ಕೈಯಲ್ಲಿ ಫೋನು.

"ಸಿಕ್ತು! ಕಾರಿನ ಸೀಟಿನ ಸಂದೀಲಿ ಬಿದ್ದಿತ್ತು, ಹಾಳಾದ್ದು. ಚಾರ್ಜ್ ಖಾಲಿ ಆಗಿದೆ ಅಷ್ಟೆ. ಚಾರ್ಜರ್ ಇದ್ಯೇನಮ್ಮ?"

ತಾನು ಬೇಡ ಎಂದಮೇಲೂ ಅವಳು ಒತ್ತಿರಬಹುದು ಎಂಬ ಯೋಚನೆಯೇ ಅವನ ತಲೆಗೆ ಹೊಳೆಯಲಿಲ್ಲ. ಬೀಗದಕ್ಕ ತನ್ನ ಫೋನಿನ ಚಾರ್ಜರನ್ನು ಕಿತ್ತು ಕೈಯಾರೆ ಕೊಟ್ಟಳು.

"ತಗೊಳ್ಳಿ ಸರ್. ಇಲ್ಲೇ ಹಾಕಿ."

ಸತ್ತ ಫೋನು ಜೀವ ಹಿಡಿಯಲು ಎರಡು ಮೂರು ನಿಮಿಷ ಬೇಕು. ಅಷ್ಟು ಹೊತ್ತೂ ಅವನು ಅವಳ ಮೇಜಿನ ಪಕ್ಕವೇ ನಿಂತು, ಮಗಳ ಮುಂದಿನ ಹಲ್ಲು ಬಿದ್ದಿರುವುದನ್ನೂ ಅವಳು 'ಅಪ್ಪ' ಎನ್ನುವಾಗ ಗಾಳಿ ಸಿಳ್ಳೆ ಹಾಕುವುದನ್ನೂ ಹೇಳಿದ. ಸುಳ್ಳೇಕೆ, ಕೇಳುತ್ತ ಕೇಳುತ್ತ ಬೀಗದಕ್ಕನ ಕೈ 'ರದ್ದುಮಾಡಿ' ಕಡೆಗೆ ಹೋಗಿಯೂ ಹೋಯಿತು.

ಅಷ್ಟರಲ್ಲಿ ದೊರೆ, ಖುಷಿಯ ಭರದಲ್ಲಿ, "ನಿನ್ನ ತಮ್ಮ ಏನ್ಮಾಡ್ತಿದಾನಮ್ಮ ಈಗ? ಕೆಲ್ಸ ಬೇಕಾದ್ರೆ ಬಂದು ನನ್ನ ನೋಡೋಕೆ ಹೇಳು. ಇಷ್ಟೊತ್ತಿಗೆ ಬುದ್ಧಿ ಬಂದಿರ್ಬೇಕು ಅವನಿಗೆ," ಅಂದ.

ಬುದ್ಧಿ ಬಂದಿರಬೇಕಂತೆ! ಬೀಗದಕ್ಕ ಕೈ ಹಿಂದಕ್ಕೆ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಫೋನು ಬೆಳಗಿತು. ಒಂದು ಗಳಿಗೆ ಮಗುವಿನ ಮುಖ ಕಂಡಿತು. ದೊರೆ "ಹಾಂ, ಬಂತು," ಅಂದ. ಆಮೇಲೆ ಪರದೆ ಕಪ್ಪಾಯಿತು, ಬಿಳಿಯಾಯಿತು, 'ಸ್ವಾಗತ, ನಿಮ್ಮ ಭಾಷೆ ಆರಿಸಿ' ಎಂದು ಕೇಳಿತು. ದೊರೆ ಅದನ್ನು ಒತ್ತಿದ, ಉಜ್ಜಿದ, ಅಲುಗಾಡಿಸಿದ. ಕೊನೆಗೆ ತಲೆಯೆತ್ತಿ ಅವಳನ್ನು ನೋಡಿದ.

ಬೀಗದಕ್ಕ ದೂರಿನ ಹಾಳೆಯನ್ನು ಅವನತ್ತ ಸರಿಸಿದಳು. "ಅಳಿಸಿದ್ದಕ್ಕೆ ಇಲ್ಲೊಂದು ಸಹಿ ಹಾಕಿ ಸರ್."

ಕೂಗಾಡುತ್ತಾನೆ ಎಂದುಕೊಂಡಿದ್ದಳು. ಅವನು ಕೂಗಾಡಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತು ಅತ್ತ. ಡಬ್ಬ ಹೊತ್ತು ಹೋಗುವವರೆಲ್ಲ ನಿಂತು ನೋಡಿದರು. ಬೀಗದಕ್ಕನಿಗೆ ಹೊಟ್ಟೆ ತಣ್ಣಗಾಯಿತು. ಏಳು ತಿಂಗಳಲ್ಲಿ ಮೊದಲ ಸಲ ಅವಳಿಗೆ ಸರಿಯಾಗಿ ಹಸಿವಾಯಿತು.

ಸಂಜೆ ಮನೆಗೆ ಓಡೋಡಿ ಬಂದಳು. ತಮ್ಮ ಆಗಲೇ ಬಂದು ತಟ್ಟೆಯ ಮುಂದೆ ಕೂತಿದ್ದ. ಚಪ್ಪಲಿ ಕಳಚುತ್ತಲೇ ಶುರುಮಾಡಿ, ದೂರು ಬರೆಸಿದ್ದು, ಚಾರ್ಜರ್ ಕೊಟ್ಟದ್ದು, ಸಹಿ ಕೇಳಿದ್ದು ಎಲ್ಲವನ್ನೂ ಒಂದೂ ಬಿಡದೆ, ದೊರೆಯ ದನಿಯನ್ನೇ ಅಣಕಿಸಿ ಹೇಳಿದಳು. ತಮ್ಮ ಅಗಿಯುವುದನ್ನು ನಿಲ್ಲಿಸಿದ.

"ಬೇಡ ಅಂದ್ನಾ ಅವ್ನು?"

ಮಾತಾಡಿದ! ಬೀಗದಕ್ಕನ ಕಣ್ಣಲ್ಲಿ ನೀರು ಬಂತು. "ಅಂದ ಕಣೋ! ಕೈ ಮುಗಿದ!"

"ಆದ್ರೂ ಒತ್ತಿದ್ಯಾ?"

"ಒತ್ತಿದೆ!"

"ಕೆಲಸ ಹೋಗುತ್ತೆ ಅಂತ ಭಯ ಆಗ್ಲಿಲ್ವಾ?"

"ಹೋದ್ರೆ ಹೋಗ್ಲಿ ಬಿಡು, ಹಾಳು ಕೆಲಸ! ಏನು, ಅವ್ನು ಹೇಳಿದ ಹಾಗೆಲ್ಲ ಕೇಳ್ಬೇಕಾ ನಾನು?"

ತಮ್ಮ ಅವಳನ್ನೇ ನೋಡಿದ. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯಬೇಕಾದವನ ಹಾಗೆ ಕೇಳಿದ.

"ಮತ್ತೆ ಅವತ್ತು ಯಾಕಕ್ಕ ಅವ್ನ ಮಾತು ಕೇಳ್ದೆ?"

ದೊರೆಯನ್ನು ಬೈಯಲು ಬೀಗದಕ್ಕನಲ್ಲಿ ಬೇಕಾದಷ್ಟು ಮಾತುಗಳಿದ್ದವು, ಒಂದೂ ಇದಕ್ಕೆ ಒದಗಲಿಲ್ಲ. ತಮ್ಮ ಎದ್ದು ಹೋಗಲೂ ಇಲ್ಲ. ಅವಳ ಮುಖ ನೋಡುತ್ತ ಅಲ್ಲೇ ಕೂತಿದ್ದ.