ಮೂರು ಪತ್ರದ ನಿಯಮ

ತ್ರೈಮಾಸಿಕದ ಕೊನೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ಬಂಡವಾಳ ವಿಭಾಗದ ಮುಖ್ಯಸ್ಥರು ತಾವಾಗಿಯೇ ಮೂರನೇ ಮಹಡಿಗೆ ಇಳಿದು ಬಂದರು. ಇಳಿದು ಬರುವ ಜಾಯಮಾನ ಅವರದಲ್ಲ. ಬಂಡವಾಳದ ಅನುಪಾತ ಇಳಿದಾಗ ಮಾತ್ರ ಅವರೂ ಇಳಿಯುತ್ತಾರೆ ಎಂಬುದು ಕಚೇರಿಗೆಲ್ಲ ಗೊತ್ತಿತ್ತು. ಕಚೇರಿ ಅವರಿಗೆ ಇಟ್ಟ ಹೆಸರು ನೂರೈವತ್ತು. ವಿಮಾ ಕಂಪನಿಯ ಹೊಣೆಗಳಿಗೆ ನೂರು ಬೇಕಾದ ಕಡೆ ಕೈಯಲ್ಲಿ ನೂರೈವತ್ತು ಬಂಡವಾಳ ಇರಬೇಕೆಂಬುದು ನಿಯಂತ್ರಕರ ಕಟ್ಟಪ್ಪಣೆ. ಕೂದಲೆಳೆಯಷ್ಟು ಕಡಿಮೆಯಾದರೂ ಹೊಸ ಪಾಲಿಸಿ ಮಾರುವಂತಿಲ್ಲ. ಬಂಡವಾಳ ಕರಗಿತೋ, ಕಂಪನಿಯ ಬಂಡವಾಳ ಬಯಲು.

"ನೂರನಲವತ್ತೆಂಟು ಪಾಯಿಂಟ್ ಒಂದು," ಎಂದರು ನೂರೈವತ್ತು, ತೀರಿಕೊಂಡವರ ವಯಸ್ಸು ಹೇಳುವ ದನಿಯಲ್ಲಿ.

ಮೀಸಲು ವಿಭಾಗದ ಮೇಲ್ವಿಚಾರಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಯಾವ ಕ್ಲೇಮಿಗೆ ಎಷ್ಟು ಹಣ ಕಾದಿರಿಸಬೇಕು ಎಂದು ನಿಗದಿ ಮಾಡುವುದು ಇಪ್ಪತ್ತಮೂರು ವರ್ಷಗಳಿಂದ ಅವಳ ಕೆಲಸ. ಯಾರ ದನಿಯನ್ನಾದರೂ ಅನುಕರಿಸಬಲ್ಲವಳಾದ್ದರಿಂದ ಜೊತೆಯವರು ಅವಳನ್ನು ರೇಡಿಯೋ ಎನ್ನುತ್ತಿದ್ದರು.

"ಮಾಲೀಕರು ಏನಂತಾರೆ ಸಾರ್? ಜೇಬಿಗೆ ಕೈ ಹಾಕಲ್ವಂತಾ?"

"ಹಾಕಿದ್ದಾರಮ್ಮ. ಚಳಿ ಅಂತ." ನೂರೈವತ್ತು ಕುರ್ಚಿ ಎಳೆದುಕೊಂಡರು. "ಸಾಲ ಎತ್ತೋಣ ಅಂದ್ರೆ ಬ್ಯಾಂಕಿನವರು ಕೇಳೋ ಬಡ್ಡಿಗೆ ನಾವೇ ಎಲ್ಲಾದ್ರೂ ವಿಮೆ ಮಾಡಿಸ್ಕೋಬೇಕು. ಇನ್ನು ಉಳಿದಿರೋದು ನಿಮ್ಮ ಮೀಸಲು ಒಂದೇ. ಮೂರು ಪತ್ರದ ಪಟ್ಟಿ ತೆಗೀರಿ. ಐದು ಗಂಟೆಗೆ ವರದಿ ಹೋಗ್ಬೇಕು."

ಮೂರು ಪತ್ರದ ನಿಯಮ ಅವಳದೇ ಕೂಸು. ಹತ್ತು ವರ್ಷದ ಹಿಂದೆ ಕಪಾಟಿನ ತುಂಬ ವಾರಸುದಾರರಿಲ್ಲದ ಕಡತಗಳು ಬಿದ್ದಿದ್ದವು. ಒಡೆದ ಗಾಜು, ಕಳೆದ ಪೆಟ್ಟಿಗೆ, ಅರ್ಜಿ ಹಾಕಿ ಮತ್ತೆ ಮುಖ ತೋರಿಸದ ಮಂದಿ. ಅಂಥವರ ಪಾಲಿಸಿಯಲ್ಲಿರುವ ವಿಳಾಸಕ್ಕೆ ಮೂರು ಪತ್ರ ಬರೆಯಿರಿ, ಮೂರೂ ವಾಪಸ್ ಬಂದರೆ ಕಡತ ಮುಚ್ಚಿ, ಕಾದಿಟ್ಟ ಹಣವನ್ನು ಬಂಡವಾಳಕ್ಕೆ ಬಿಡಿ ಎಂದು ಅವಳೇ ಟಿಪ್ಪಣಿ ಬರೆದಿದ್ದಳು. ಆ ವರ್ಷ ಅವಳಿಗೆ ಒಂದು ಗಡಿಯಾರ ಬಹುಮಾನ ಸಿಕ್ಕಿತ್ತು.

ಪಟ್ಟಿಯಲ್ಲಿ ಇನ್ನೂರಹನ್ನೆರಡು ಕಡತ, ಒಟ್ಟು ಎರಡು ಕೋಟಿ. ಅಷ್ಟನ್ನೂ ಮುಚ್ಚಿದರೆ ಅನುಪಾತ ನೂರೈವತ್ತು ಪಾಯಿಂಟ್ ಒಂದಕ್ಕೆ ಬಂದು ನಿಲ್ಲುತ್ತಿತ್ತು. ಸಹಿ ಹಾಕುವ ಮುನ್ನ ಸಾಲು ಸಾಲು ಓದುವುದು ಅವಳ ಚಟ. ನೂರಮೂವತ್ತೇಳನೆಯ ಸಾಲಿಗೆ ಬಂದಾಗ ಬೆರಳು ಅಲ್ಲೇ ನಿಂತಿತು. ಅಚ್ಚುಕೂಟ, ಬೆಂಕಿ ಅನಾಹುತ, ಮೂವತ್ತೆಂಟು ಲಕ್ಷ. ಮೂರು ಪತ್ರ ವಾಪಸ್. ಲಕೋಟೆಯ ಮೇಲೆ ಅಂಚೆಯವನ ಷರಾ: ಕಟ್ಟಡ ಇಲ್ಲ.

ಅದು ಅವಳ ತಮ್ಮನ ಅಚ್ಚುಕೂಟ.

ಪಾಲಿಸಿ ಮಾಡಿಸಿದ್ದೂ ಅವಳೇ. "ನಮ್ಮ ಕಂಪನಿ ಇರುವಾಗ ಬೇರೆಯವರ ಬಾಗಿಲಿಗೆ ಯಾಕೋ ಹೋಗ್ತೀಯ," ಎಂದಿದ್ದಳು. ಒಂದೂವರೆ ವರ್ಷದ ಹಿಂದೆ ವಿದ್ಯುತ್ ತಂತಿಯ ಕಿಡಿ ಹಾರಿ ಯಂತ್ರ, ಕಾಗದ, ಛಾವಣಿ ಎಲ್ಲ ಬೂದಿಯಾಯಿತು. ಅಚ್ಚುಕೂಟದ ಹಿಂದುಗಡೆಯೇ ಸಂಸಾರ ಮಾಡಿಕೊಂಡಿದ್ದ ತಮ್ಮ ಹೆಂಡತಿಯನ್ನು ಕರೆದುಕೊಂಡು ಅಕ್ಕನ ಮನೆಯ ಮಹಡಿಯ ಕೋಣೆಗೆ ಬಂದ. ಅದೇ ವಾರ ಅವಳು ಕಚೇರಿಯಲ್ಲಿ ಘೋಷಣಾ ಪತ್ರ ಬರೆದುಕೊಟ್ಟಳು: ಈ ಕಡತ ನನ್ನ ರಕ್ತಸಂಬಂಧಿಯದು, ಇದನ್ನು ನಾನು ಮುಟ್ಟುವುದಿಲ್ಲ, ಇದರ ಬಗ್ಗೆ ಯಾರನ್ನೂ ಕೇಳುವುದಿಲ್ಲ. ಮುಟ್ಟಲಿಲ್ಲ, ಕೇಳಲೂ ಇಲ್ಲ. ನನ್ನ ಕೈ ಚೊಕ್ಕ ಎಂದು ಆಗಾಗ ಮನಸ್ಸಿನಲ್ಲೇ ಕೈ ನೋಡಿಕೊಳ್ಳುತ್ತಿದ್ದಳು.

ತಮ್ಮ ಊಟಕ್ಕೆ ಕೂತಾಗ ಕೇಳುತ್ತಿದ್ದ, "ಎಲ್ಲೀವರೆಗೆ ಬಂತಕ್ಕ ನಂದು?"

ಅವಳು ಕೌಂಟರಿನ ಗುಮಾಸ್ತನ ಮೂಗಿನ ದನಿ ತೆಗೆಯುತ್ತಿದ್ದಳು. "ಕಡತ ಚಲನೆಯಲ್ಲಿದೆ ಸಾರ್. ಎಷ್ಟು ಚಲಿಸ್ತಿದೆ ಅಂದ್ರೆ ನಮ್ಮ ಕೈಗೇ ಸಿಗ್ತಿಲ್ಲ."

"ಪರಿಹಾರದಲ್ಲಿ ಪರಿ ಹಾರಿಹೋಗಿ ಬರೀ ಹಾರ ಬರದಿದ್ರೆ ಸಾಕು ಕಣಕ್ಕ," ಎಂದು ಅವನೂ ನಗುತ್ತಿದ್ದ. ವಿಳಾಸ ಬದಲಾದದ್ದನ್ನು ಕೌಂಟರಿನಲ್ಲಿ ಬರೆದುಕೊಡು ಎಂದು ಅವಳು ಒಮ್ಮೆ ಹೇಳಿದ್ದಳು. "ನಿಂಗೇ ಗೊತ್ತಲ್ಲ ನಾನು ಎಲ್ಲಿದೀನಿ ಅಂತ. ಮೇಲ್ಗಡೆ," ಎಂದಿದ್ದ ಅವನು. ಅಕ್ಕ ಇದ್ದಾಳೆ ಎಂದು ಅವನು ಕಾಗದ ಬರೆಯಲಿಲ್ಲ. ತಾನು ಅಕ್ಕ ಎಂಬ ಕಾರಣಕ್ಕೇ ಅವಳು ಎರಡನೇ ಸಲ ಕೇಳಲಿಲ್ಲ. ಮೂರು ಪತ್ರಗಳು ಒಂದಾದಮೇಲೊಂದು ಬೂದಿಗುಡ್ಡೆಯ ತನಕ ಹೋಗಿ ಬಂದವು.

"ಸಾರ್, ಇದೊಂದು ನನ್ನ ತಮ್ಮನದು. ಅವನು ಬದುಕಿದಾನೆ. ನಮ್ಮನೇಲೇ ಇದಾನೆ. ಇದನ್ನ ಪಟ್ಟಿಯಿಂದ ತೆಗೀಬೇಕು."

"ತೆಗೆದ್ರೆ?"

ಅವಳು ಕೂಡಿ ಕಳೆದು ನೋಡಿದಳು. "ನೂರನಲವತ್ತೊಂಬತ್ತು ಪಾಯಿಂಟ್ ಏಳು."

ನೂರೈವತ್ತು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. "ಅನುಪಾತ ಹೋಗಿ ಅಧಃಪಾತ ಆಗುತ್ತಲ್ಲಮ್ಮ. ನೋಡಿ, ಸಂಬಂಧಿಕರ ಕಡತನ ನೀವು ಪಟ್ಟಿಗೆ ಸೇರಿಸೋ ಹಾಗಿಲ್ಲ ಅಂದ್ರೆ ತೆಗೆಯೋ ಹಾಗೂ ಇಲ್ಲ. ಕಂಪ್ಯೂಟರ್ ಸೇರಿಸಿದೆ, ಇರ್ಲಿ ಬಿಡಿ. ಇಲ್ಲಾ ಈ ಪಟ್ಟಿಗೆ ನಾನು ಸಹಿ ಹಾಕಲ್ಲ ಅಂತೀರಾ? ಹಾಗಾದ್ರೆ ಪೂರ್ತಿ ಪಟ್ಟಿ ಇನ್ನೊಬ್ರ ಹತ್ರ ಹೋಗುತ್ತೆ, ಐದು ಗಂಟೆ ದಾಟುತ್ತೆ, ನಾಳೆಯಿಂದ ಮಾರಾಟ ಬಂದ್. ಆರುನೂರು ಜನರ ಅನ್ನದ ಪ್ರಶ್ನೆ."

"ಅವನದೂ ಅನ್ನದ ಪ್ರಶ್ನೆನೇ ಸಾರ್. ಸೆಕೆಂಡ್ ಹ್ಯಾಂಡ್ ಮಷೀನಿಗೆ ಮುಂಗಡ ಕೊಟ್ಟು ಕೂತಿದಾನೆ."

"ಕೊಂದು ಹಾಕ್ತಿಲ್ವಲ್ಲ, ಮಲಗಿಸ್ತಿದೀವಿ. ತೊಂಬತ್ತು ದಿನದೊಳಗೆ ಮರುತೆರೆಯೋ ಅರ್ಜಿ ಹಾಕ್ಲಿ. ನಾಳೆನೇ ಹಾಕ್ಲಿ. ನಾನೇ ಎಬ್ಬಿಸ್ತೀನಿ."

ನಾಲ್ಕೂ ನಲವತ್ತಕ್ಕೆ ಅವಳು ಸಹಿ ಹಾಕಿದಳು. ಸಹಿ ಎಂದಿನಷ್ಟೇ ದುಂಡಗೆ ಬಂತು, ಅದಕ್ಕೇ ಅವಳಿಗೆ ಹೇಸಿಗೆಯಾಯಿತು.

ಮರುದಿನವೇ ತಮ್ಮ ಅರ್ಜಿ ಹಾಕಿದ. ಏನೋ ಕಾಗದದ ಗೊಂದಲ, ಇನ್ನೊಂದು ಸಲ ಬರೆದುಕೊಡಬೇಕಂತೆ ಎಂದಷ್ಟೇ ಅವಳು ಹೇಳಿದ್ದಳು. ಸಹಿಯ ಸುದ್ದಿ ಎತ್ತಲಿಲ್ಲ. ಮಷೀನು ಮಾರುವವನು ಒಂದು ತಿಂಗಳು ಕಾದ, ಎರಡನೇ ತಿಂಗಳು ಬೈದ, ಮೂರನೇ ತಿಂಗಳು ಮುಂಗಡ ನುಂಗಿ ಮಷೀನನ್ನು ಇನ್ನೊಬ್ಬರಿಗೆ ಕೊಟ್ಟ. ಅವಳು ಎರಡು ಸಲ ಐದನೇ ಮಹಡಿ ಹತ್ತಿದಳು.

"ಈಗ ನೂರೈವತ್ತು ಪಾಯಿಂಟ್ ಎರಡು ಇದೆ," ಎಂದರು ನೂರೈವತ್ತು ಮೊದಲ ಸಲ. "ಮತ್ತೆ ತೆರೆದ್ರೆ ಆ ಮೂವತ್ತೆಂಟು ಲಕ್ಷ ಪುನಃ ಕಾದಿರಿಸ್ಬೇಕು. ಕೆಳಗೆ ಬೀಳ್ತೀವಿ. ಮುಂದಿನ ತ್ರೈಮಾಸಿಕ ನೋಡೋಣ." ಎರಡನೇ ಸಲ ಅವರು ಮೀಟಿಂಗಿನಲ್ಲಿದ್ದರು. ಮಾಲೀಕರಿಗೆ ಲಾಭಾಂಶ ಹಂಚುವ ಮೀಟಿಂಗು ಅದು. ನೂರೈವತ್ತು ದಾಟಿದ ಕಂಪನಿಗೆ ಹಂಚಲು ಅಡ್ಡಿಯಿಲ್ಲವಲ್ಲ.

ಎಂಬತ್ತೆಂಟನೇ ದಿನ ಪತ್ರ ಬಂತು. ಅವಳು ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ತಮ್ಮ ಅದನ್ನು ಓದಿ ಮುಗಿಸಿದ್ದ. ಅವನ ಹೆಂಡತಿ ಒಗೆದ ಬಟ್ಟೆ ಮಡಚುತ್ತ ಗೋಡೆಗೊರಗಿ ಕೂತಿದ್ದಳು.

"ಕೇಳಕ್ಕ," ಎಂದು ಅವನು ಓದಿದ. "ಅರ್ಜಿದಾರರು ಕಂಪನಿಯ ಮೀಸಲು ವಿಭಾಗದ ಮೇಲ್ವಿಚಾರಕಿಯ ಮನೆಯಲ್ಲೇ ವಾಸವಾಗಿದ್ದಾರೆ. ಕಡತ ಮುಚ್ಚುವ ಪಟ್ಟಿಗೆ ಸಹಿ ಹಾಕಿದವರು ಸದರಿ ಮೇಲ್ವಿಚಾರಕಿಯವರೇ. ಆದ್ದರಿಂದ ಪತ್ರಗಳ ವಿಷಯ ತಮಗೆ ತಿಳಿದಿರಲಿಲ್ಲ ಎಂಬ ವಾದ ನಂಬಲರ್ಹವಲ್ಲ. ಅರ್ಜಿ ತಿರಸ್ಕರಿಸಲಾಗಿದೆ."

ಓದಿದ ಮೇಲೂ ಅವನು ಕಾಗದ ಮಡಚಲಿಲ್ಲ. "ಸಹಿ ನಿಂದಾ?"

"ನಂದೇ."

"ನನ್ನ ಹೆಸರು ನೋಡಿ ಹಾಕಿದ್ಯಾ, ನೋಡದೆ ಹಾಕಿದ್ಯಾ?"

"ನೋಡಿ."

ತಮ್ಮನ ಹೆಂಡತಿ ಮಡಚಿದ ಅಂಗಿಯನ್ನು ಮತ್ತೆ ಬಿಚ್ಚಿದಳು. "ನೋಡದೆ ಅಂತ ಒಂದು ಸುಳ್ಳಾದ್ರೂ ಹೇಳ್ಬಾರದಿತ್ತಾ ಅತ್ತಿಗೆ," ಎಂದಳು ಮೆಲ್ಲಗೆ.

ಮೇಲ್ಮನವಿಗೆ ಮೂವತ್ತು ದಿನ ಅವಕಾಶವಿತ್ತು. ಅದರ ದಾರಿ ಅವಳಿಗಿಂತ ಚೆನ್ನಾಗಿ ಬಲ್ಲವರು ಕಂಪನಿಯಲ್ಲಿ ಯಾರೂ ಇರಲಿಲ್ಲ. ಮೊದಲು ಅವನ ವಿಳಾಸ ಬೇರೆಯಾಗಬೇಕು. ಅವಳೇ ಮೂರು ಸಂಜೆ ಬೀದಿ ಬೀದಿ ಅಲೆದು ಬಸ್ ಡಿಪೋದ ಹಿಂದೆ ಒಂದು ಕೋಣೆ ಹುಡುಕಿದಳು. ನಲ್ಲಿ ಹೊರಗೆ, ಕಿಟಕಿ ಒಂದೇ. ಮುಂಗಡ ಕೊಡಲು ಹೋದಾಗ ತಮ್ಮ ಕೈ ಅಡ್ಡ ಹಿಡಿದು ತಾನೇ ಕೊಟ್ಟ. ಅಷ್ಟರಲ್ಲಿ ಅವನು ಬೇರೆಯವರ ಅಚ್ಚುಕೂಟದಲ್ಲಿ ದಿನಗೂಲಿಗೆ ಸೇರಿಯಾಗಿತ್ತು.

ಸಾಮಾನು ಸಾಗಿಸುವ ದಿನ ಬೆಳಗ್ಗೆ ಅವಳು ಮೇಲ್ಮನವಿಯ ಜೊತೆಗಿಡುವ ಹೇಳಿಕೆಯನ್ನು ಬರೆದು ತಂದಳು. ಅವನು ನಿಂತಲ್ಲೇ ಓದಿದ. ಪತ್ರಗಳು ತಲುಪಲಿಲ್ಲ ಎಂದಿತ್ತು. ಹಾಲಿ ವಿಳಾಸ ಇಂಥದ್ದು ಎಂದಿತ್ತು. ಕೊನೆಯಲ್ಲಿ, ಸದರಿ ಅಧಿಕಾರಿಗೂ ನನಗೂ ಈಗ ಹೋಗಿಬರುವ ಸಂಬಂಧವಿಲ್ಲ, ಮಾತುಕತೆಯೂ ಇಲ್ಲ ಎಂದಿತ್ತು.

"ಕಾನೂನಿಗೋಸ್ಕರ ಹಾಗೆ ಬರೀಬೇಕಾಗುತ್ತೆ ಕಣೋ," ಎಂದಳು ಅವಳು. "ಒಂದೆರಡು ತಿಂಗಳು ಅಷ್ಟೇ. ಬೇಕಿದ್ರೆ ಆ ಸಾಲು ಸ್ವಲ್ಪ ಮೆತ್ತಗೆ ಮಾಡ್ತೀನಿ."

ಅವನು ಹಾಳೆಯನ್ನು ಬೀರುವಿನ ಮೇಲಿಟ್ಟು ಸಹಿ ಹಾಕಿದ.

"ಬೇಡ, ಹಾಗೇ ಇರ್ಲಿ," ಎಂದ. "ಸರಿಯಾಗೇ ಬರ್ದಿದೀಯ."

ಆಮೇಲೆ ಬೀರುವಿನ ಒಂದು ತುದಿ ಹಿಡಿಯಲು ಹೆಂಡತಿಯನ್ನು ಕರೆದ.