ಹದಿನೇಳು ಹಾಳೆಯ ಗಾದೆಪ್ಪ

ನಮ್ಮ ಮುತ್ತಜ್ಜ ಗಾದೆಪ್ಪನ ಕಾಲದಲ್ಲಿ ಕೊಟ್ಟೂರಿನಿಂದ ಹಡಗಲಿಗೆ ಹಾರುವ ಕಾಗೆ ನಡುವೆ ನಮ್ಮ ಮನೆಯ ಮಾಳಿಗೆಯ ಮೇಲೆ ಇಳಿದು, ಅಪ್ಪಣೆ ಕೇಳಿ, ಆಮೇಲೆ ಮುಂದಕ್ಕೆ ಹಾರುತ್ತಿತ್ತು. ಕೆಳಗಿನ ನೆಲವೆಲ್ಲ ಅವನದೇ ಆಗಿದ್ದರಿಂದ ಮೇಲಿನ ಗಾಳಿಗೂ ಅವನ ಒಪ್ಪಿಗೆ ಬೇಕಾಗಿತ್ತು. ಕುದುರೆ ಏರಿ ಬಂದ ಬಿಳಿ ದೊರೆಯೊಬ್ಬ ನಮ್ಮ ಅಂಗಳದಲ್ಲಿ ಮೂರು ದಿನ ಟೋಪಿ ತೆಗೆದು ನಿಂತಿದ್ದನಂತೆ, ಗಾದೆಪ್ಪಜ್ಜ ಊಟ ಮುಗಿಸಿ ಕೈ ತೊಳೆದು ಬರುವವರೆಗೆ. ಮೂರು ದಿನದ ಊಟವೆಂದರೆ ಎಷ್ಟು ರೊಟ್ಟಿಯಾಗಿರಬಹುದು, ನೀವೇ ಲೆಕ್ಕ ಹಾಕಿಕೊಳ್ಳಿ.

ಇದನ್ನೆಲ್ಲ ನಾನು, ಅಂದರೆ ಅವನ ಮರಿಮೊಮ್ಮಗ ಏಕಾಂತಪ್ಪ, ನಮ್ಮೂರ ಹೋಟೆಲ್ಲಿನ ಕಟ್ಟೆಯ ಮೇಲೆ ಕೂತು ಇಪ್ಪತ್ತು ವರ್ಷ ಹೇಳಿದ್ದೇನೆ. ಯಾರೂ ಇಲ್ಲವೆಂದಿಲ್ಲ. ನಾನು ಬಾಯಿ ತೆರೆದ ಕೂಡಲೇ ಎಲ್ಲರಿಗೂ ಹೊಲದ ಕೆಲಸ ನೆನಪಾಗುತ್ತದೆ, ಆ ಮಾತು ಬೇರೆ.

ಇಲ್ಲವೆಂದವಳು ಒಬ್ಬಳೇ, ತೀರಿಹೋದ ನಮ್ಮಣ್ಣನ ಹೆಂಡತಿ ಎರ್ರಮ್ಮ. ಅತ್ತಿಗೆಯ ಮಲ್ಲಿಗೆ ತೋಟ ನನ್ನ ಹೊಲಕ್ಕೆ ಹತ್ತಿಕೊಂಡೇ ಇದೆ. ನಡುವೆ ಒಂದು ಬಾಂದುಕಲ್ಲು ಇತ್ತು. ಯುಗಾದಿ ಕಳೆದ ಮೇಲೆ ನೋಡಿದರೆ ಆ ಕಲ್ಲು ಇಲ್ಲ. ಗಡಿ ತೋರಿಸುವ ಕಲ್ಲೇ ಇಲ್ಲವೆಂದ ಮೇಲೆ ನ್ಯಾಯವಂತನಾದ ನಾನು ನಿಜ ಹೇಳಲೇಬೇಕಾಯಿತು: ತೋಟದ ಕೊನೆಯ ಆರು ಸಾಲು ಮಲ್ಲಿಗೆ ನಿಂತಿರುವುದು ನನ್ನ ನೆಲದಲ್ಲಿ. ಆ ಆರು ಸಾಲು ಅಣ್ಣ ತೀರಿಹೋದ ವರ್ಷ ತನ್ನ ಕೈಯಾರೆ ನೆಟ್ಟದ್ದು ಎಂಬುದು ನನಗೂ ಗೊತ್ತು. ಆದರೆ ನೆಲ ನೆಲವೇ.

"ಆರು ಸಾಲು ನಿಂದಾದ್ರ, ನಾ ಹತ್ತು ವರ್ಷ ಹೂವು ಬಿಡಸೂ ಮುಂದ ಯಾಕ ಸುಮ್ನಿದ್ದಿ?" ಎಂದಳು ಅತ್ತಿಗೆ.

"ದೊಡ್ಡ ಮನಿತನದವ್ರು ಸಣ್ಣ ಮಾತು ಎತ್ತಂಗಿಲ್ಲ, ಅತ್ತಿಗಿ."

"ಮನಿತನ ಈಗ ಸಣ್ಣದಾತೇನು?"

ಅಷ್ಟಕ್ಕೇ ಬಿಡದೆ ತಾಲ್ಲೂಕು ಕಚೇರಿಗೆ ಹೋಗಿ, ಗಡಿ ಅಳೆದು ಕಲ್ಲು ನೆಟ್ಟುಕೊಡಿ ಎಂದು ಹದ್ದುಬಸ್ತಿನ ಅರ್ಜಿ ಕೊಟ್ಟುಬಂದಳು. ನಾನೇನು ಕಡಿಮೆಯೇ? ಮುತ್ತಜ್ಜನ ಆಸ್ತಿಯನ್ನು ಕಾಗದದಲ್ಲೇ ಹಿಡಿದು ತರುತ್ತೇನೆಂದು ಹಡಗಲಿಯ ಬಸ್ಸು ಹತ್ತಿದೆ.

ದಾಖಲೆ ಕೋಣೆಯಲ್ಲಿ ನಾನು ತೆರೆದ ಪುಸ್ತಕಗಳನ್ನು ಒಂದರ ಮೇಲೊಂದು ಇಟ್ಟರೆ ಉಚ್ಚಂಗಿದುರ್ಗ ಗಿಡ್ಡ ಕಾಣುತ್ತದೆ. ಸರಿಯಾಗಿ ಹೇಳಬೇಕೆಂದರೆ ನಾಲ್ಕು ಪುಸ್ತಕ. ಎಲ್ಲ ಮದ್ರಾಸು ಸರಕಾರದ ಕಾಲದವು. ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿದ್ದವು. ಮೊದಲ ಮೂರರಲ್ಲಿ ಗಾದೆಪ್ಪನ ಸುಳಿವೇ ಇಲ್ಲ. ನಾಲ್ಕನೆಯದನ್ನು ತೆರೆದೆ ನೋಡಿ, ಹಾಳೆಯ ಬಲತುದಿಯಲ್ಲಿ ಟಿಪ್ಪಣಿ ಬರೆಯುವ ಷರಾ ಕಲಮಿನಲ್ಲಿ ದಪ್ಪ ಅಕ್ಷರದಲ್ಲಿ ಗಾದೆಪ್ಪ. ಹಾಳೆ ತಿರುವಿದರೆ ಮತ್ತೆ ಗಾದೆಪ್ಪ. ಹದಿನೇಳು ಸರ್ವೆ ನಂಬರಿಗೆ ಹದಿನೇಳು ಹಾಳೆ, ಹದಿನೇಳರಲ್ಲೂ ನನ್ನ ಮುತ್ತಜ್ಜ. ಹೆಸರಿನ ಸುತ್ತ ಇರುವೆ ಸಾಲಿನಂಥ ಸಣ್ಣ ಬರಹವೂ ಇತ್ತು. ಕನ್ನಡಕ ಮನೆಯಲ್ಲಿ ಬಿಟ್ಟು ಹೋಗಿದ್ದೆ. ಕನ್ನಡಕ ಹಾಕಿದರೆ ನನಗೆ ವಯಸ್ಸಾದಂತೆ ಕಾಣುತ್ತದೆ. ಹೆಸರು ಸಿಕ್ಕ ಮೇಲೆ ಇರುವೆಗಳ ಗೊಡವೆ ಯಾಕೆಂದು ನಂಬರುಗಳನ್ನು ಅಂಗೈ ಮೇಲೆ ಬರೆದುಕೊಂಡೆ.

ಅಲ್ಲಿಂದ ನೆಟ್ಟಗೆ ಫ್ಲೆಕ್ಸ್ ಅಂಗಡಿಗೆ ಹೋದೆ. ಮರುದಿನ ನಮ್ಮ ಮನೆಯ ಮುಂದೆ ಎಂಟಡಿ ಫ್ಲೆಕ್ಸ್ ಎದ್ದಿತು: "ಹದಿನೇಳು ಸರ್ವೆ ನಂಬರುಗಳ ಒಡೆಯ ಶ್ರೀ ಗಾದೆಪ್ಪನವರು." ಕೆಳಗೆ ಹದಿನೇಳೂ ನಂಬರು. ಮುತ್ತಜ್ಜನ ಫೋಟೊ ಇರಲಿಲ್ಲವಾದ್ದರಿಂದ ನನ್ನ ಫೋಟೊಕ್ಕೇ ರುಮಾಲು, ಹುರಿಮೀಸೆ ಹಾಕಿಸಿದ್ದೆ.

ಅತ್ತಿಗೆ ಹೂವಿನ ಬುಟ್ಟಿ ಹೊತ್ತು ಹೋಗುತ್ತಾ ನಿಂತು ನೋಡಿದಳು. "ಗಾದೆಪ್ಪಜ್ಜಗೂ ನಿನ್ನಂಗ ಮೂಗಿನ ಮ್ಯಾಲೆ ನರಹುಲಿ ಇತ್ತೇನು?"

"ಅದು ವಂಶದ ಗುರುತು, ಅತ್ತಿಗಿ."

"ಆತು ಬಿಡು. ಗುರುವಾರ ಸರ್ವೇಯರು ಬರ್ತಾಳಂತ. ಅಕಿಗೂ ತೋರ್ಸು."

ಸರ್ವೇಯರು ಅಂದರೆ ಹಗರಿಬೊಮ್ಮನಹಳ್ಳಿ ಕಡೆಯ ಕ್ರಾಂತಿ ಎಂಬ ಹುಡುಗಿ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆಯಂತೆ. ಗುರುವಾರ ಅಳತೆಗೆ ಮುಂಚೆ ನನ್ನ ಸಹಿ ಬೇಕೆಂದು ಮನೆಗೇ ಬಂದಳು. ಹಿಂದೆ ಅತ್ತಿಗೆ, ಅವಳ ಹಿಂದೆ ಅರ್ಧ ಊರು. ಇಂಥ ಸಭೆ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಕುರ್ಚಿ ತರಲು ಹೊರಟ ಹೆಂಡತಿ ಪುಷ್ಪಲತಾಳನ್ನು ತಡೆದೆ.

"ಕುರ್ಚಿ ಯಾಕ? ಮೇಡಂನವ್ರ, ಇಲ್ಲಿ ಬರ್ರಿ. ಇದು ನಮ್ಮ ಗಾದೆಪ್ಪಜ್ಜ ಕುಂದರ್ತಿದ್ದ ಸಿಂಹಾಸನ. ತಂಬ್ರಹಳ್ಳಿಯಿಂದ ಕೂಡ್ಲಿಗಿ ತನಕ ಇದರ ಮ್ಯಾಲೆ ಕುಂತೇ ಆಳ್ಯಾನ."

ಬಚ್ಚಲ ಪಕ್ಕದಲ್ಲಿ ಅಡ್ಡಬಿದ್ದ ಉದ್ದನೆಯ ಕಲ್ಲಿನ ಮೇಲೆ ಅವಳು ಕೂತಳು. ನಾನು ಕಾಗೆಯಿಂದ ಶುರುಮಾಡಿ ದೊರೆಯ ಟೋಪಿವರೆಗೆ ಎಲ್ಲ ಹೇಳಿದೆ. ಅವಳು ಫ್ಲೆಕ್ಸನ್ನೇ ನೋಡುತ್ತಿದ್ದಳು.

"ಯಜಮಾನ್ರ, ಈ ಹದಿನೇಳು ನಂಬರ್ ಎಲ್ಲಿ ಸಿಕ್ವು?"

"ದಾಖಲಿ ಒಳಗ. ಸರಕಾರದ ಪುಸ್ತಕ."

"ಅದು ಯಾವ ಪುಸ್ತಕ ಅಂತ ಕೇಳಿದ್ರಾ?"

"ಆಸ್ತಿ ಪುಸ್ತಕ ಇರ್ಬೇಕ್ರಿ."

"ಅದು ಬಾಂದುಕಲ್ಲು ತಪಾಸಣೆ ಮಾಡಿದ ಪುಸ್ತಕ. ಯಾವ ಕಲ್ಲು ಜಾಗದಾಗ ಐತಿ, ಯಾವ್ದು ಇಲ್ಲ ಅಂತ ಬರಿಯೂದು. ಅಮ್ಮಾರ ಅರ್ಜಿಗೆ ಬೇಕಂತ ನಕಲು ತಂದೀನಿ." ಚೀಲದಿಂದ ಕಾಗದ ತೆಗೆದು ಗಟ್ಟಿಯಾಗಿ ಓದಿದಳು. "'ಈ ಕಲ್ಲು ಸ್ಥಳದಲ್ಲಿ ಇಲ್ಲ. ಗಾದೆಪ್ಪನ ಬಚ್ಚಲಿನಲ್ಲಿ ದೊರೆಯಿತು.' ಮುಂದಿನ ಹಾಳಿ. 'ಈ ಕಲ್ಲು ಗಾದೆಪ್ಪನ ಮನೆಯ ಹೊಸ್ತಿಲಾಗಿದೆ. ಕೀಳಿಸಿ ತರಲಾಯಿತು.' ಮುಂದಿನದು. 'ಇದಕ್ಕೆ ಗಾದೆಪ್ಪನು ಎಮ್ಮೆ ಕಟ್ಟಿರುತ್ತಾನೆ. ಎಮ್ಮೆ ಹಾಯುವುದರಿಂದ ತರಲು ಆಗಲಿಲ್ಲ.'"

ಅರ್ಧ ಊರು ನಗುವುದಿಲ್ಲ. ನಕ್ಕರೆ ಇಡೀ ಊರೇ ನಗುತ್ತದೆ.

"ಹದಿನೇಳನೇದು ಕೇಳ್ರಿ," ಎಂದಳು. "'ಗಾದೆಪ್ಪನನ್ನು ವಿಚಾರಿಸಲಾಗಿ, ಕಲ್ಲು ತಾನಾಗಿಯೇ ನಡೆದು ಬಂದು ಅಂಗಳದಲ್ಲಿ ಮಲಗಿತೆಂದು ಹೇಳುತ್ತಾನೆ.'"

"ಹೌದು ಬಿಡ್ರಿ," ಎಂದಳು ಅತ್ತಿಗೆ. "ಇವ್ನ ಮುತ್ತಜ್ಜನೇ. ದಾಖಲಿ ಪಕ್ಕಾ ಐತಿ."

ನಾನು ಸೋಲುವವನಲ್ಲ. "ಬಡವರ ಕಲ್ಲು ಮಳಿಗೆ ನೆನೀಬಾರ್ದು ಅಂತ ತಂದು ಜೋಪಾನ ಮಾಡ್ಯಾನ," ಎಂದೆ. "ನೋಡ್ರಿ ಮೇಡಂ, ದೊರೆ ಮೆಚ್ಚಿ ಕೊಟ್ಟ ಮುದ್ರಿ ಈ ಸಿಂಹಾಸನದ ಮ್ಯಾಲೆ ಈಗ್ಲೂ ಐತಿ."

ಕ್ರಾಂತಿ ಎದ್ದು ಬಗ್ಗಿ ನೋಡಿದಳು. ಕಲ್ಲಿನ ತಲೆಯ ಮೇಲೆ ಉಳಿಯಿಂದ ಕೊರೆದ ಕೂಡಿಸುವ ಗುರುತು. ಬೆರಳಿನಿಂದ ಅದನ್ನು ಉಜ್ಜಿದಳು.

"ಇದು ಸರ್ವೆ ಗುರುತು, ಯಜಮಾನ್ರ. ಇದೂ ಬಾಂದುಕಲ್ಲೇ. ನೂರಾರು ವರ್ಷದಿಂದ ಇಲ್ಲೇ ಐತೇನು?"

"ನೂರಾ ಐವತ್ತು."

"ಮತ್ತ ಮುಕ್ಕಾಲು ಕಲ್ಲಿಗೆ ಹಸೀ ಮಣ್ಣಿನ ಬಣ್ಣ ಐತಲ್ಲ." ಅಡಿಯಿಂದ ಒಂದು ಬೇರಿನ ಎಳೆ ಕಿತ್ತು ಅತ್ತಿಗೆಯ ಕೈಗೆ ಕೊಟ್ಟಳು. "ಇದೇನಮ್ಮಾ?"

ಅತ್ತಿಗೆ ಅದನ್ನು ಬೆರಳ ತುದಿಯಲ್ಲಿ ಹೊರಳಿಸಿ ನೋಡಿದಳು. ಹತ್ತು ವರ್ಷ ಆ ಗಿಡಗಳ ಬುಡ ಕೆದಕಿದ ಕೈ ಅದು. "ಮಲ್ಲಿಗಿ ಬೇರು," ಎಂದಳು. ನಗಲಿಲ್ಲ. ಕಟ್ಟೆಯ ಜನರ ನಗೆ ನನಗೆ ಮಳೆ ಇದ್ದಂತೆ, ಒರೆಸಿಕೊಂಡು ಹೋಗುತ್ತೇನೆ. ಅವಳು ನಗದೇ ಇದ್ದದ್ದು ಮಾತ್ರ ತಾಗಿತು.

"ಕಲ್ಲು ತಾನಾಗೇ..." ಎಂದು ನಾನು ಬಾಯಿ ತೆರೆದೆ.

"ಏನ್ರಿ," ಎಂದಳು ಬಾಗಿಲಲ್ಲಿ ನಿಂತ ಪುಷ್ಪಲತಾ, "ಅದು ಬಂದ ದಿನದಿಂದ ನಿಮ್ಮ ಸೊಂಟಕ್ಕ ಎಣ್ಣಿ ತಿಕ್ಕಿ ತಿಕ್ಕಿ ನನ್ನ ಕೈ ಸೋತಾವು. ಹೇಳಿ ಮುಗಸ್ರಿ."

ಇನ್ನು ನಿಜ ಬರೆಯುತ್ತೇನೆ. ಕಲ್ಲು ಕಿತ್ತವನು ನಾನು. ಯುಗಾದಿ ಮುಗಿದು ಮೂರನೆಯ ದಿನ, ಬೆಳಿಗ್ಗೆ ಅತ್ತಿಗೆ ಹೂವು ಮಾರಲು ಹಡಗಲಿಗೆ ಹೋದಾಗ. ಮಲ್ಲಿಗೆಯ ಆಸೆಗಲ್ಲ, ನನಗೆ ಒಂದು ಮಾಲೆ ಕಟ್ಟಲೂ ಬರುವುದಿಲ್ಲ. ದಾರಿ ಕೇಳಿದವರಿಗೆಲ್ಲ ಊರವರು "ಎರ್ರಮ್ಮನ ತೋಟ ದಾಟಿ ಹೋಗ್ರಿ" ಎನ್ನುತ್ತಾರೆ. ಅದರ ಪಕ್ಕದಲ್ಲೇ ಇರುವ ನನ್ನ ಬೀಳು ಹೊಲದ ಹೆಸರು ಹೇಳಿ ಯಾರೂ ಯಾರಿಗೂ ದಾರಿ ತೋರಿಸಿಲ್ಲ. ಆರು ಸಾಲು ನನ್ನ ಕಡೆ ಬಂದರೆ ಏಕಾಂತಪ್ಪನ ತೋಟ ಎಂದಾರು ಅಂದುಕೊಂಡೆ, ಅಷ್ಟೇ. ಗಾದೆಪ್ಪಜ್ಜನ ಬಗ್ಗೆ ನನಗೆ ಗೊತ್ತಿದ್ದದ್ದು ಹೆಸರೊಂದೇ. ಕಾಗೆ, ದೊರೆ, ಟೋಪಿ, ರೊಟ್ಟಿ ಎಲ್ಲ ನನ್ನವು.

ಇದನ್ನೆಲ್ಲ ಅಂಗಳದಲ್ಲೇ ಹೇಳಿದೆ. ಕ್ರಾಂತಿ ಅಳೆದಳು, ಆರೂ ಸಾಲು ಅತ್ತಿಗೆಯ ಕಡೆಗೇ ಬಂದವು. ಕಲ್ಲನ್ನು ಹಳೆಯ ಗುಂಡಿಯಲ್ಲೇ ನೆಟ್ಟರು. ಗುಂಡಿ ತೋರಿಸಿದವನು ನಾನೇ.

"ಇಷ್ಟು ಭಾರ ಒಬ್ಬವನೇ ಹೆಂಗ ತಂದಿ?" ಎಂದು ಕೇಳಿದಳು ಅತ್ತಿಗೆ.

"ಹೆಗಲ ಮ್ಯಾಲೆ, ಒಂದೇ ಕೈಲೆ," ಎಂದೆ.

ಅವಳು ನನ್ನನ್ನೇ ನೋಡುತ್ತ ನಿಂತಳು.

"ತಳ್ಳುಗಾಡಿ ಒಳಗ," ಎಂದೆ.

"ಯಾರ ತಳ್ಳುಗಾಡಿ?"

"ನಿಂದೇ, ಅತ್ತಿಗಿ."